ಎರೆಹೊಲದ ರಾಡಿ ಮತ್ತು ಡ್ಯಾಶ್‌ಬೋರ್ಡಿನ ಕೆಳಗಿನ ಪೆಟ್ಟಿಗೆ

ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ನೆಲವೇ ಎರಡು ದೊಡ್ಡ ಮಳೆ ಬಿದ್ದ ಮೇಲೆ ಗಾಲಿಯನ್ನು ಅಚ್ಚಿನತನಕ ನುಂಗುತ್ತದೆ. ಯಾದಗಿರಿ ಜಿಲ್ಲೆಯ ಎರೆಮಣ್ಣಿನ ಗುಣವೇ ಅದು. ನೀರು ಕುಡಿದು ಉಬ್ಬುವ ಜೇಡಿ ಅದರಲ್ಲಿ ಹೆಚ್ಚು. ಶಹಾಪುರ, ಸುರಪುರದ ಕಡೆ ಇದರ ಜೊತೆಗೆ ಕಾಲುವೆಯೂ ಸೇರಿದೆ. ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆಯ ನೀರು ಹರಿದಲ್ಲೆಲ್ಲ ಭತ್ತ ಬಂದಿದೆ, ಮಳೆಯಿಲ್ಲದ ದಿನವೂ ಹೊಲದ ದಾರಿ ರಾಡಿಯಾಗಿರುತ್ತದೆ. ಬೀದರ್–ಶ್ರೀರಂಗಪಟ್ಟಣ ಹೆದ್ದಾರಿಯ ಡಾಂಬರು ಬಿಟ್ಟು ಸ್ವಲ್ಪ ಒಳಗೆ ಹೋಗಿ, ಹತ್ತಿ ಅಂಡಿಗೆಯನ್ನೋ ಭತ್ತದ ಚೀಲಗಳನ್ನೋ ಹೇರಿಕೊಂಡು ಹೊರಡುವ ಪಿಕಪ್ಪಿನ ಚಾಲಕನಿಗೆ ನಾಲ್ಕೂ ಗಾಲಿ ಎಳೆಯುವ ಗಾಡಿ ಶೋಕಿಯಲ್ಲ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಬಂದಾಗ ನದಿದಂಡೆಯ ಊರುಗಳವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಾಯಿತು.

ಹಳೆಯ ಮಹೀಂದ್ರಾ ಜೀಪಿನಲ್ಲಿ ಗೇರ್ ಕೋಲಿನ ಪಕ್ಕ ಇನ್ನೊಂದು ಕೋಲು ಇರುತ್ತಿತ್ತು. ಎಳೆದರೆ ಮುಂದಿನ ಅಚ್ಚಿಗೂ ಶಕ್ತಿ ಹೋಗುತ್ತಿತ್ತು. ನಡುವೆ ಇದ್ದದ್ದು ಕಬ್ಬಿಣ ಮಾತ್ರ. ಕೆಟ್ಟರೆ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಈಚಿನ ಪಿಕಪ್ಪುಗಳಲ್ಲಿ ಆ ಕೋಲು ಮಾಯವಾಗಿದೆ. ಭಾರತದಲ್ಲಿ 2016ರಲ್ಲಿ ಬಂದ ಇಸುಜು ವಿ-ಕ್ರಾಸ್‌ನಂಥ ಗಾಡಿಯಲ್ಲಿ ಇರುವುದು ತಿರುಗಿಸುವ ಒಂದು ಗುಂಡಿ: ‘2ಎಚ್’ ಎಂದರೆ ಎರಡೇ ಗಾಲಿ, ‘4ಎಚ್’ ಎಂದರೆ ನಾಲ್ಕೂ ಗಾಲಿ, ‘4ಎಲ್’ ಎಂದರೆ ನಿಧಾನ ಗತಿಯಲ್ಲಿ ಹೆಚ್ಚು ಬಲದಿಂದ ನಾಲ್ಕೂ ಗಾಲಿ. ಆ ಗುಂಡಿ ಗೇರನ್ನು ಮುಟ್ಟುವುದಿಲ್ಲ. ಅದು ಕಳಿಸುವುದು ಒಂದು ಬೇಡಿಕೆಯನ್ನು ಮಾತ್ರ. ಬೇಡಿಕೆಯನ್ನು ಓದಿ, ಗಾಡಿಯ ವೇಗ ಎಷ್ಟಿದೆ, ಗೇರ್ ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡಿ, ಎರಡೂ ಅಚ್ಚಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಕೂತ ಪುಟ್ಟ ಮೋಟಾರಿಗೆ ಕರೆಂಟು ಬಿಡುವುದು ಡ್ಯಾಶ್‌ಬೋರ್ಡಿನ ಕೆಳಗೋ ಸೀಟಿನ ಹತ್ತಿರವೋ ಅಡಗಿರುವ ಕಂಟ್ರೋಲ್ ಮಾಡ್ಯೂಲ್. ನಮ್ಮ ಗ್ಯಾರೇಜುಗಳಲ್ಲಿ ಅದಕ್ಕೆ ‘ಬಾಕ್ಸ್’ ಎಂದರೆ ಸಾಕು. ಮೋಟಾರ್ ಎಷ್ಟು ತಿರುಗಿತು ಎಂಬ ಸುದ್ದಿಯನ್ನು ಅದರೊಳಗಿನ ಎನ್‌ಕೋಡರ್ ಹಿಂದಕ್ಕೆ ಕಳಿಸುತ್ತದೆ. ಸುದ್ದಿ ಸರಿ ಬಂದರೆ ದೀಪ ನಿಂತು ಉರಿಯುತ್ತದೆ, ಬಾರದಿದ್ದರೆ ಮಿಣುಕುತ್ತಲೇ ಇರುತ್ತದೆ.

ಶಹಾಪುರದ ವೈರಿಂಗ್ ಅಂಗಡಿಯೊಂದರಲ್ಲಿ ಕೇಳಿದ ಮಾತುಕತೆ ಹೀಗಿತ್ತು.

“ಮಿಸ್ತ್ರಿ, ಫೋರ್ ಬೈ ಫೋರ್ ಬೀಳವಲ್ದು ನೋಡ್ರಿ. ಬಾಕ್ಸ್ ಹೋಗ್ಯಾದಂತ ಹೇಳ್ಯಾರ.”

“ಯಾರು ಹೇಳಿದ್ರಪಾ? ಲೈಟ್ ಮಿಣುಕ್ಲಿಕತ್ತದೇನು, ಪೂರಾ ಬಂದ್ ಆಗ್ಯಾದೇನು? ಮೊದಲ ಅದನ್ನ ಹೇಳು.”

ಆ ಪ್ರಶ್ನೆಗೆ ತೂಕವಿದೆ. ದೀಪ ಮಿಣುಕುತ್ತಿದ್ದರೆ ಬಾಕ್ಸಿಗೆ ಇನ್ನೂ ಜೀವವಿದೆ, ಅದು ಏನನ್ನೋ ದೂರುತ್ತಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಏನೂ ಹೊತ್ತದಿದ್ದರೆ ಮೊದಲು ಹುಡುಕಬೇಕಾದದ್ದು ಫ್ಯೂಸು, ರಿಲೇ, ಅರ್ತಿಂಗ್. ಇಷ್ಟನ್ನು ವಿಚಾರಿಸದೆ ಬಾಕ್ಸ್ ಬದಲಿಸಲು ಹೇಳುವ ಚಾಳಿ ಈಗ ಹೆಚ್ಚಾಗಿದೆ. ಸಾವಿರಾರು ರೂಪಾಯಿ ಕೊಟ್ಟು ಹೊಸದು ತಂದು ಕೂರಿಸಿ, ಎರಡೇ ವಾರದಲ್ಲಿ ಅದೂ ಸತ್ತಾಗ ರೈತ ಕಂಪನಿಯನ್ನು ಬೈಯುತ್ತಾನೆ. ಆದರೆ ಎಷ್ಟೋ ಗಾಡಿಗಳಲ್ಲಿ ಬಾಕ್ಸ್ ತಾನಾಗಿ ಸತ್ತಿರುವುದಿಲ್ಲ, ಬೇರೆ ಏನೋ ಅದನ್ನು ಕೊಂದಿರುತ್ತದೆ.

ಕೊಲ್ಲುವವು ಯಾವುವು? ಎಲ್ಲಕ್ಕಿಂತ ದೊಡ್ಡದು ಕೆಳಗಿನ ಆ ಮೋಟಾರೇ. ಸದಾ ರಾಡಿಯಲ್ಲಿ ಅದ್ದಿ ಏಳುವ ಜಾಗ ಅದರದು. ಸೀಲಿನ ಸಂದಿಯಲ್ಲಿ ನೀರು ಇಳಿದು ಒಳಗೆ ತುಕ್ಕು ಹಿಡಿದರೆ ಮೋಟಾರ್ ಬಿಗಿಯುತ್ತದೆ. ಬಿಗಿದ ಮೋಟಾರ್ ಮಿತಿ ಮೀರಿ ಕರೆಂಟು ಎಳೆಯುತ್ತದೆ. ಆ ಭಾರ ಬಾಕ್ಸಿನೊಳಗಿನ ರಿಲೇ, ಟ್ರಾನ್ಸಿಸ್ಟರುಗಳ ಮೇಲೆ ಬಿದ್ದು ಅವು ಸುಡುತ್ತವೆ. ಮೋಟಾರ್ ಹಾಗೇ ಇಟ್ಟು ಬಾಕ್ಸ್ ಬದಲಿಸಿದರೆ ಹೊಸದಕ್ಕೂ ಅದೇ ಗತಿ. ಎರಡನೆಯದು ನೀರು. ಗಾಜಿನ ರಬ್ಬರು ಸಡಿಲಾಗಿಯೋ, ಏಸಿಯ ನೀರಿನ ಕೊಳವೆ ಕಟ್ಟಿಯೋ ಒಳಗಿನ ಕಾರ್ಪೆಟ್ ನೆನೆದಿರುತ್ತದೆ. ವಾಟರ್ ಸರ್ವಿಸಿನವರು ಒಳಗೂ ಪೈಪು ಹಿಡಿದಿರುತ್ತಾರೆ. ಕಪ್ಲರಿನ ಪಿನ್ನುಗಳು ಹಸಿರುಗಟ್ಟಿದ್ದರೆ ಇದೇ ಕಾರಣ. ಮೂರನೆಯದನ್ನು ನಮ್ಮ ಕಡೆ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಿಂದಿನ ತೊಟ್ಟಿಗೆ ಕಬ್ಬಿಣದ ಕಂಬಿ, ಕ್ಯಾರಿಯರ್ ಕೂರಿಸುವಾಗ ಬ್ಯಾಟರಿ ವೈರು ಕಳಚದೆ ವೆಲ್ಡಿಂಗ್ ಹೊಡೆಯುತ್ತಾರೆ. ಆ ಕರೆಂಟು ಬಾಡಿಯ ತುಂಬ ಓಡಾಡಿ ಯಾವ ಎಲೆಕ್ಟ್ರಾನಿಕ್ ಬಾಕ್ಸನ್ನು ಬೇಕಾದರೂ ಕೆಡಿಸಬಲ್ಲದು. ಇನ್ನು ಇಲಿಗಳು. ತೊಗರಿ ರಾಶಿಯ ಕಾಲಕ್ಕೆ ಅಂಗಳದಲ್ಲಿ ನಿಂತ ಗಾಡಿಯ ವೈರು ಕಡಿಯದೆ ಬಿಟ್ಟ ಇಲಿ ಕಡಿಮೆ.

ಆದ್ದರಿಂದ ಒಳ್ಳೆಯ ಮಿಸ್ತ್ರಿ ಬ್ಯಾಟರಿಯಿಂದ ಆರಂಭಿಸುತ್ತಾನೆ. ನಿಂತ ಗಾಡಿಯಲ್ಲಿ 12.6 ವೋಲ್ಟಿನ ಹತ್ತಿರ, ಎಂಜಿನ್ ಓಡುವಾಗ 14ರ ಆಸುಪಾಸು ಸಿಗಬೇಕು. ಬ್ಯಾಟರಿ ಸೋತಿದ್ದರೆ ಮೋಟಾರ್ ಅರ್ಧಕ್ಕೆ ನಿಲ್ಲುತ್ತದೆ, ಬಾಕ್ಸ್ ಅದನ್ನು ದೋಷವೆಂದು ಬರೆದುಕೊಳ್ಳುತ್ತದೆ. ಆಮೇಲೆ ಬಾಕ್ಸಿನ ಕಪ್ಲರಿನಲ್ಲಿ ಪ್ಲಸ್ಸು ಬರುತ್ತಿದೆಯೇ, ಅರ್ತಿಂಗ್ ಗಟ್ಟಿಯಿದೆಯೇ ಎಂದು ನೋಡಬೇಕು. ಅರ್ತಿಂಗನ್ನು ಗುಂಡಿ ತಿರುಗಿಸಿ, ಭಾರ ಬಿದ್ದಾಗಲೇ ಅಳೆಯಬೇಕು. ಸುಮ್ಮನಿದ್ದಾಗ ಸರಿ ಕಾಣುವ ಅರ್ತಿಂಗ್ ಭಾರ ಬಿದ್ದಾಗ ಬಣ್ಣ ಬದಲಿಸುತ್ತದೆ. ನಂತರ ಮೋಟಾರನ್ನು ಬಿಚ್ಚಿ, ಅದರ ಎರಡು ತಂತಿಗೆ ಕ್ಷಣ ಮಾತ್ರ ಬ್ಯಾಟರಿ ಮುಟ್ಟಿಸಿದರೆ ಒಂದು ದಿಕ್ಕಿಗೆ, ತಂತಿ ಅದಲುಬದಲು ಮಾಡಿದರೆ ಇನ್ನೊಂದು ದಿಕ್ಕಿಗೆ ಸಲೀಸಾಗಿ ತಿರುಗಬೇಕು. ಎನ್‌ಕೋಡರಿನ ಸುದ್ದಿ ಬಾಕ್ಸಿನತನಕ ತಲುಪುತ್ತಿರಬೇಕು. ಕೆಲವು ಗಾಡಿಗಳಲ್ಲಿ ಮುಂದಿನ ಅಚ್ಚನ್ನು ಕೂಡಿಸುವುದು ವ್ಯಾಕ್ಯೂಮ್. ಅಲ್ಲಿ ರಬ್ಬರ್ ಪೈಪು ಸೀಳಿದ್ದರೂ ತಪ್ಪು ಬಾಕ್ಸಿನ ತಲೆಗೇ ಬರುತ್ತದೆ. ಪ್ಲಸ್ಸು, ಅರ್ತಿಂಗ್, ಮೋಟಾರ್, ವೈರು ಎಲ್ಲ ಸರಿಯಿದ್ದೂ ಬಾಕ್ಸ್ ಕರೆಂಟು ಬಿಡದಿದ್ದರೆ ಆಗ ಅದನ್ನು ಬದಲಿಸಬೇಕು.

ಹೊಲದ ನಡುವೆ ಸಿಕ್ಕಿಬಿದ್ದವನಿಗೆ ಒಂದು ದಾರಿಯಿದೆ, ಹಳಬರು ಬಲ್ಲರು. ಹಲವು ಟ್ರಾನ್ಸ್‌ಫರ್ ಕೇಸುಗಳಲ್ಲಿ ಎಂಜಿನ್ ಬಂದ್ ಮಾಡಿ, ಗಾಲಿಗೆ ಕಲ್ಲು ಕೊಟ್ಟು ಮೋಟಾರ್ ಬಿಚ್ಚಿದರೆ ಒಳಗಿನ ಶಾಫ್ಟಿನ ತುದಿ ಹೊರಗೆ ಕಾಣುತ್ತದೆ. ಪಾನಾ ಹಿಡಿದು ಅದನ್ನು ಮೆಲ್ಲಗೆ ತಿರುಗಿಸಿ ಗೇರ್ ಬೀಳಿಸಬಹುದು. ಊರು ಮುಟ್ಟಲು ಅಷ್ಟು ಸಾಕು.

ಬದಲಿಸುವ ಕೆಲಸ ಕೈಗೆ ಸುಲಭ. ಬ್ಯಾಟರಿಯ ಮೈನಸ್ ಕಳಚಿ ಸ್ವಲ್ಪ ಹೊತ್ತು ಬಿಡಬೇಕು. ಕಪ್ಲರಿನ ಕೊಂಡಿಯನ್ನು ಎಳೆದು ಮುರಿಯದೆ, ಒತ್ತಿ ಬಿಡಿಸಬೇಕು. ಎರಡು–ಮೂರು ಬೋಲ್ಟ್ ಬಿಚ್ಚಿದರೆ ಹಳೆಯದು ಕೈಗೆ ಬರುತ್ತದೆ. ಕಷ್ಟ ಇರುವುದು ಹೊಸದನ್ನು ತರಿಸುವುದರಲ್ಲಿ. ನೋಡಲು ಒಂದೇ ತರಹದ ಬಾಕ್ಸುಗಳ ಒಳಗಿನ ಲೆಕ್ಕ ಬೇರೆ ಇರುತ್ತದೆ. ಅಚ್ಚಿನ ಗೇರ್ ಅನುಪಾತ, ತಯಾರಾದ ವರ್ಷ ಬದಲಾದರೆ ಪಾರ್ಟ್ ನಂಬರೂ ಬದಲಾಗಬಹುದು. ಹಳೆಯ ಬಾಕ್ಸಿನ ಚೀಟಿಯ ಫೋಟೊ ತೆಗೆದು, ಅಕ್ಷರ ಬಿಡದೆ ಆ ನಂಬರನ್ನೇ ಕೇಳಬೇಕು. ಕಲಬುರಗಿಯಲ್ಲಿ ಸಿಗದಿದ್ದರೆ ಹೈದರಾಬಾದಿನ ಗುಜರಿಯಿಂದ ತರಿಸುವವರಿದ್ದಾರೆ. ನಂಬರ್ ಸೇರಿದರೆ ಅದೂ ನಡೆದೀತು, ಆದರೆ ಅದು ಯಾವ ನೀರಲ್ಲಿ ಮುಳುಗಿ ಬಂದ ಗಾಡಿಯದೋ ಯಾರು ಹೇಳಬೇಕು?

ಎಷ್ಟೋ ಗಾಡಿಗಳಲ್ಲಿ ಕೆಲಸ ನಿಲ್ಲುವುದು ಇಲ್ಲಿಂದ ಮುಂದೆ. ಹೊಸ ಬಾಕ್ಸಿಗೆ ಅದು ಯಾವ ಗಾಡಿಯಲ್ಲಿದೆ ಎಂದು ಸ್ಕ್ಯಾನರ್ ಮೂಲಕ ಕಲಿಸಬೇಕಾಗುತ್ತದೆ. ಆ ಸ್ಕ್ಯಾನರೂ ಅದರ ಗುಟ್ಟಿನ ಕೀಲಿಯೂ ಬಹುಮಟ್ಟಿಗೆ ಕಂಪನಿಯ ಅಧಿಕೃತ ಕೇಂದ್ರಗಳಲ್ಲಿವೆ. ಭಾರತೀಯ ಸ್ಪರ್ಧಾ ಆಯೋಗ ಇದನ್ನೇ ಗಮನಿಸಿ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಬಿಡಿಭಾಗ, ದೋಷ ಪತ್ತೆಯ ಸಾಧನಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆಂಬುದು ಅದರ ತೀರ್ಮಾನ. ಮೇಲ್ಮನವಿಗಳಲ್ಲಿ ಪ್ರಕರಣ ವರ್ಷಗಟ್ಟಲೆ ಎಳೆಯಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿ ಹಕ್ಕಿ’ಗಾಗಿ ಸಮಿತಿ ರಚಿಸಿತು, ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಸುರಪುರದ ಮಿಸ್ತ್ರಿಯ ಕೈಗೆ ವೈರಿಂಗ್ ನಕ್ಷೆ ಬಂದ ದಿನ ಆ ಹಕ್ಕು ನಿಜವಾದಂತೆ ಎಂದು ನಾನು ನಂಬಿದ್ದೇನೆ. ಅದೇ 2022ರ ಜೂನ್‌ನಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳು ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿದವು. ಹೊಸ ಹುಡುಗರ ಜೊತೆಗೆ, ಇಪ್ಪತ್ತು ವರ್ಷ ಗ್ರೀಸಿನಲ್ಲಿ ಕೈ ಅದ್ದಿದ ಮಿಸ್ತ್ರಿಗಳಿಗೂ ಸಂಜೆಯ ಹೊತ್ತು ಇಂಥ ಕಡೆ ಸ್ಕ್ಯಾನರ್ ಹಿಡಿಯಲು ಕಲಿಸಬೇಕು. ಗೇರಿನ ಸದ್ದು ಕೇಳಿಯೇ ರೋಗ ಹೇಳುವ ಆ ಕಿವಿಗಳನ್ನು, ಒಂದು ಪಾಸ್‌ವರ್ಡ್ ಇಲ್ಲವೆಂದು ಮೂಲೆಗೆ ತಳ್ಳುವುದು ನಮಗೇ ನಷ್ಟ.

ಬಾಕ್ಸ್ ಕೂರಿಸಿ, ಹಳೆಯ ದೋಷಸಂಕೇತ ಅಳಿಸಿದ ಮೇಲೆ ಪರೀಕ್ಷೆ ಹೊಲದಲ್ಲೇ ಆಗಬೇಕು. ಒಣ ಡಾಂಬರಿನ ಮೇಲೆ ‘4ಎಚ್’ ಹಾಕಿ ತಿರುವು ತೆಗೆದರೆ ಮುಂದಿನ ಹಿಂದಿನ ಅಚ್ಚುಗಳು ಒಂದನ್ನೊಂದು ಜಗ್ಗಿ ಗೇರುಗಳು ಬಿಗಿಯುತ್ತವೆ. ‘4ಎಲ್’ಗೆ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು ಬದಲಿಸಬೇಕು. ಸುರಪುರದ ಗುಡ್ಡದ ಕಲ್ಲುದಾರಿಗೆ, ಹೇರು ತುಂಬಿದ ಗಾಡಿಯನ್ನು ಕಾಲುವೆ ಏರಿಗೆ ಹತ್ತಿಸುವುದಕ್ಕೆ ಅದು ಬೇಕು. ಬರೀ ರಾಡಿಗೆ ‘4ಎಚ್’ ಸಾಕು. ನಾಲ್ಕು ಟೈರೂ ಒಂದೇ ಅಳತೆಯವಿರಲಿ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಮಣ್ಣುದಾರಿಯಲ್ಲಿ ಗುಂಡಿ ತಿರುಗಿಸಿ ಸ್ವಲ್ಪ ದೂರ ಓಡಿಸಿದರೆ ಮೋಟಾರ್ ತುಕ್ಕು ಹಿಡಿದು ಕೂರುವುದಿಲ್ಲ. ಮುಂಗಾರಿಗೆ ಮುಂಚೆ, ಬಿತ್ತನೆಯ ಗಡಿಬಿಡಿ ಹತ್ತುವ ಮೊದಲೇ ಇದನ್ನೊಮ್ಮೆ ಮಾಡಿ ನೋಡಿದರೆ, ದೀಪ ಮಿಣುಕಿದರೂ ಮಿಸ್ತ್ರಿಗೆ ಹುಡುಕಲು ಬಿಡುವು ಸಿಗುತ್ತದೆ.