ಕಡಲಾಳಕ್ಕೆ ಇಳಿಯುವ ಮುನ್ನ: ಸ್ಕೂಬಾ ಕೇಂದ್ರದ ಆಯ್ಕೆ ಹೇಗೆ?

ಮುರುಡೇಶ್ವರದ ಕಡಲತೀರದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪ ರಾಜ್ಯದ ಸ್ಕೂಬಾ ಡೈವಿಂಗ್ ಆಸಕ್ತರ ಅಚ್ಚುಮೆಚ್ಚಿನ ತಾಣ. ಮಳೆಗಾಲ ಮುಗಿದು ಕಡಲು ಶಾಂತವಾಗುತ್ತಿದ್ದಂತೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಪ್ರವಾಸಿಗರು ಇತ್ತ ಹೊರಡುತ್ತಾರೆ. ಅಂಡಮಾನ್, ಗೋವಾ, ಮಾಲ್ವಣದತ್ತ ಮುಖ ಮಾಡುವವರೂ ಇದ್ದಾರೆ. ನೀರಿನಡಿಯಲ್ಲಿ ಉಸಿರಾಡುವುದು ಇವರಲ್ಲಿ ಅನೇಕರಿಗೆ ಅದೇ ಮೊದಲು.

ಸಮಸ್ಯೆ ಇರುವುದು ಇಲ್ಲಿಯೇ. ಹೋಟೆಲಿನ ಊಟ ಕೆಟ್ಟಿದ್ದರೆ ಮೊದಲ ತುತ್ತಿಗೇ ತಿಳಿಯುತ್ತದೆ. ಆದರೆ ಡೈವಿಂಗ್ ಕೇಂದ್ರದ ಲೋಪವನ್ನು ಅಳೆಯುವ ಅನುಭವ ಹೊಸಬರಿಗಿರುವುದಿಲ್ಲ. ನೀರಿನಡಿ ಅದು ಅರಿವಿಗೆ ಬರುವಷ್ಟರಲ್ಲಿ ತಡವಾಗಿರುತ್ತದೆ. ಆದ್ದರಿಂದ ಪರೀಕ್ಷೆಯೆಲ್ಲ ದಡದಲ್ಲೇ ಮುಗಿಯಬೇಕು. ಅದಕ್ಕೆ ತಾಂತ್ರಿಕ ಪಾಂಡಿತ್ಯವೇನೂ ಬೇಕಿಲ್ಲ, ಕೆಲವು ಪ್ರಶ್ನೆಗಳು ಸಾಕು.

ಒತ್ತಡದ ಲೆಕ್ಕ

ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಅಂದರೆ 10 ಮೀಟರ್ ಆಳದಲ್ಲಿ ದೇಹದ ಮೇಲೆ ಬೀಳುವ ಒತ್ತಡ ದಡದಲ್ಲಿರುವುದರ ಎರಡರಷ್ಟು. ಅಲ್ಲಿ ಎಳೆದುಕೊಂಡ ಉಸಿರನ್ನು ಬಿಗಿಹಿಡಿದು ಗಾಬರಿಯಿಂದ ಮೇಲಕ್ಕೆ ಚಿಮ್ಮಿದರೆ, ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಗಂಭೀರ ಹಾನಿಯಾಗಬಹುದು. ಉಸಿರು ಎಂದಿಗೂ ಕಟ್ಟಬಾರದು ಎಂಬುದು ಸ್ಕೂಬಾದ ಮೊದಲ ಪಾಠವಾಗಿರುವುದು ಇದೇ ಕಾರಣಕ್ಕೆ. ಕಿವಿಯ ಮೇಲಿನ ಒತ್ತಡವನ್ನು ಸರಿದೂಗಿಸುವುದು, ಮಾಸ್ಕ್‌ನೊಳಗೆ ನುಗ್ಗಿದ ನೀರನ್ನು ಹೊರಹಾಕುವುದು, ಕೈಸನ್ನೆಗಳನ್ನು ಅರಿಯುವುದು ನಂತರದ ಪಾಠಗಳು.

ಇವನ್ನು ಈಜುಕೊಳದಲ್ಲಿ ಅಥವಾ ಆಳವಿಲ್ಲದ ನೀರಿನಲ್ಲಿ ಅಭ್ಯಾಸ ಮಾಡಿಸದೆ, ದೋಣಿಯಲ್ಲೇ ಐದು ನಿಮಿಷ ವಿವರಿಸಿ ಆಳಕ್ಕಿಳಿಸುವ ಕೇಂದ್ರವನ್ನು ದೂರವಿಡುವುದೇ ಲೇಸು. ಪರಿಚಯ ಡೈವ್‌ಗೆ ಈಜು ಕಡ್ಡಾಯವಲ್ಲ ಎಂಬುದು ನಿಜ. ಆದರೆ ಈಜು ಬಾರದವರ ಸುರಕ್ಷತೆ ಸಂಪೂರ್ಣವಾಗಿ ಬೋಧಕರ ಕೈಯಲ್ಲಿರುತ್ತದೆ ಎಂಬುದನ್ನು ಮರೆಯಲಾಗದು.

ಆರೋಗ್ಯ ವಿಚಾರಣೆ

ಜವಾಬ್ದಾರಿಯುತ ಕೇಂದ್ರ ಹಣ ಪಡೆಯುವುದಕ್ಕೂ ಮೊದಲು ಆರೋಗ್ಯದ ಪ್ರಶ್ನಾವಳಿಯನ್ನು ಮುಂದಿಡುತ್ತದೆ. ಆಸ್ತಮಾ, ಹೃದ್ರೋಗ, ಮೂರ್ಛೆರೋಗ, ಕಿವಿಯ ತೊಂದರೆ, ಇತ್ತೀಚಿನ ಶಸ್ತ್ರಚಿಕಿತ್ಸೆ, ಗರ್ಭಧಾರಣೆ ಮುಂತಾದವುಗಳ ವಿಚಾರಣೆ ಅದರಲ್ಲಿರುತ್ತದೆ. ಉತ್ತರ ಶಂಕೆ ಹುಟ್ಟಿಸಿದರೆ ವೈದ್ಯರ ಒಪ್ಪಿಗೆ ಪತ್ರ ಕೇಳುತ್ತದೆ. ನೆಗಡಿಯಾಗಿದ್ದರೂ ಡೈವ್ ಮುಂದೂಡುವಂತೆ ಹೇಳುತ್ತದೆ. ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಸರಿದೂಗುವುದಿಲ್ಲ. 'ಎಲ್ಲಕ್ಕೂ ಇಲ್ಲ ಎಂದು ಬರೆದುಬಿಡಿ' ಎನ್ನುವವರಿದ್ದರೆ ಅಲ್ಲಿಂದ ಹೊರಬೀಳುವುದು ಜಾಣತನ.

ಬೋಧಕರು ಯಾರು?

ಅಮೆರಿಕದಲ್ಲಿ 1966ರಲ್ಲಿ ಆರಂಭವಾದ 'ಪ್ಯಾಡಿ' ಮತ್ತು 1970ರಲ್ಲಿ ಹುಟ್ಟಿದ 'ಎಸ್‌ಎಸ್‌ಐ' ಜಗತ್ತಿನ ಪ್ರಮುಖ ಡೈವಿಂಗ್ ತರಬೇತಿ ಸಂಸ್ಥೆಗಳು. ಇವುಗಳ ಮಾನ್ಯತೆ ಇರುವ ಕೇಂದ್ರಗಳ ವಿವರ ಆಯಾ ಸಂಸ್ಥೆಯ ಜಾಲತಾಣದಲ್ಲಿ ದೊರೆಯುತ್ತದೆ. ಗೋಡೆಯ ಮೇಲಿನ ಲಾಂಛನವನ್ನಷ್ಟೇ ನಂಬದೆ ಇದನ್ನು ಖಚಿತಪಡಿಸಿಕೊಳ್ಳಬೇಕು. ಕೇಂದ್ರಕ್ಕೆ ಮಾನ್ಯತೆ ಇದ್ದರೆ ಸಾಲದು. ಜೊತೆಯಲ್ಲಿ ನೀರಿಗಿಳಿಯುವ ವ್ಯಕ್ತಿ ಅರ್ಹ ಬೋಧಕರೇ, ಅವರ ಸದಸ್ಯತ್ವ ಸಂಖ್ಯೆ ಯಾವುದು ಎಂದು ಕೇಳುವುದರಲ್ಲಿ ಸಂಕೋಚ ಸಲ್ಲದು.

ಒಬ್ಬ ಬೋಧಕರ ಪಾಲಿಗೆ ಎಷ್ಟು ಮಂದಿ ಎಂಬುದೂ ಮುಖ್ಯ. ಒಬ್ಬರಿಗೆ ಒಬ್ಬರು ಎಂಬ ವ್ಯವಸ್ಥೆ ಹೊಸಬರಿಗೆ ಅತ್ಯುತ್ತಮ. ಪ್ರಮಾಣಪತ್ರವಿಲ್ಲದವರ ಪರಿಚಯ ಡೈವ್‌ಗೆ ಗರಿಷ್ಠ ಆಳ 12 ಮೀಟರ್. 'ಓಪನ್ ವಾಟರ್' ತರಬೇತಿಯನ್ನು ಪೂರೈಸಿದ ವಯಸ್ಕರಿಗೆ ಮಾತ್ರ 18 ಮೀಟರ್‌ವರೆಗೆ ಅವಕಾಶ. ಆ ತರಬೇತಿಗೆ ಸಾಮಾನ್ಯವಾಗಿ ಮೂರು-ನಾಲ್ಕು ದಿನ ಬೇಕು. ಮೊದಲ ದಿನವೇ 20 ಮೀಟರ್ ತೋರಿಸುವ ಆಮಿಷ ಸೌಜನ್ಯವಲ್ಲ, ನಿಯಮಭಂಗ.

ದೋಣಿ, ಸಿಲಿಂಡರ್, ಆಮ್ಲಜನಕ

ಬೆನ್ನಿಗೆ ಕಟ್ಟುವುದು ಆಮ್ಲಜನಕದ ಸಿಲಿಂಡರ್ ಎಂಬ ತಪ್ಪು ಕಲ್ಪನೆ ಹಲವರಲ್ಲಿದೆ. ಹೊಸಬರ ಸಿಲಿಂಡರ್‌ನಲ್ಲಿರುವುದು ಸೋಸಿ ಒತ್ತಿ ತುಂಬಿದ ಸಾಮಾನ್ಯ ಗಾಳಿ. ಅದಕ್ಕೆ ವಾಸನೆಯಾಗಲೀ ರುಚಿಯಾಗಲೀ ಇರಕೂಡದು. ಎಣ್ಣೆಯ ಅಥವಾ ಹೊಗೆಯ ವಾಸನೆ ಬಂದರೆ ಕೂಡಲೇ ತಿಳಿಸಬೇಕು. ಸಿಲಿಂಡರ್ ಮೇಲೆ ಪರೀಕ್ಷೆಯ ದಿನಾಂಕ ಅಚ್ಚಾಗಿರುತ್ತದೆ; ಅದನ್ನು ತೋರಿಸುವಂತೆ ಕೇಳಬಹುದು. ರೆಗ್ಯುಲೇಟರ್‌ನ ಕೊಳವೆಗಳಲ್ಲಿ ಬಿರುಕುಗಳಿಲ್ಲವೆಂಬುದು ಬರಿಗಣ್ಣಿಗೇ ಕಾಣುತ್ತದೆ.

ಶುದ್ಧ ಆಮ್ಲಜನಕ ಇರಬೇಕಾದದ್ದು ದೋಣಿಯಲ್ಲಿ, ತುರ್ತು ಚಿಕಿತ್ಸೆಗಾಗಿ. ನೇತ್ರಾಣಿಯಂಥ ತಾಣದಿಂದ ದಡ ಸೇರಲು ಗಂಟೆಗೂ ಮಿಕ್ಕಿ ಸಮಯ ಹಿಡಿಯಬಹುದು, ಅಲ್ಲಿಂದ ಆಸ್ಪತ್ರೆಗೆ ಮತ್ತೆ ರಸ್ತೆಯ ದಾರಿ. ಆಮ್ಲಜನಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಸಂಪರ್ಕ ಸಾಧನ, ಎಲ್ಲರಿಗೂ ಸಾಲುವಷ್ಟು ಲೈಫ್ ಜಾಕೆಟ್ ಇವೆಯೇ ಎಂಬುದನ್ನು ದೋಣಿ ಹತ್ತುವ ಮುನ್ನವೇ ನೋಡಿಕೊಳ್ಳಬೇಕು.

ಹಿಂದಿರುಗುವ ದಾರಿ

ಡೈವ್ ಮುಗಿದ ಮೇಲೂ ಒಂದು ಎಚ್ಚರಿಕೆ ಅಗತ್ಯ. ಒತ್ತಡದಲ್ಲಿ ದೇಹ ಹೀರಿಕೊಂಡ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಹೀಗಾಗಿ ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನಗಳ ಡೈವಿಂಗ್ ಆಗಿದ್ದರೆ ಕನಿಷ್ಠ 18 ಗಂಟೆ ವಿಮಾನ ಏರದಿರುವಂತೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಲಹೆ ನೀಡುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೇರುವುದು ರಸ್ತೆಯಲ್ಲಾದರೂ ಗಾಳಿಯ ಒತ್ತಡ ಕುಗ್ಗುವುದರಿಂದ, ಡೈವ್ ಮುಗಿದೊಡನೆ ಘಾಟಿ ಹತ್ತುವ ಬದಲು ಒಂದು ರಾತ್ರಿ ಕರಾವಳಿಯಲ್ಲೇ ತಂಗುವುದು ಕ್ಷೇಮ. ಇದನ್ನು ತಾನಾಗಿಯೇ ತಿಳಿಸುವ ಕೇಂದ್ರ ಗ್ರಾಹಕರ ಹಿತವನ್ನೂ ಬಲ್ಲದು.

ದರ ಕಡಿಮೆ ಎಂಬ ಒಂದೇ ಕಾರಣಕ್ಕೆ ಮರುಳಾಗದೆ, ಆ ಹಣದಲ್ಲಿ ದೋಣಿ, ಸಲಕರಣೆ, ವಿಮೆ ಸೇರಿವೆಯೇ, ನೀರಿನಡಿ ಎಷ್ಟು ನಿಮಿಷ ಎಂಬುದನ್ನು ಕೇಳಿ ಹೋಲಿಸಬೇಕು. ಇನ್ನು ಕೊನೆಯದಾಗಿ ಒಂದು ಪ್ರಶ್ನೆ: ಕಡಲು ಪ್ರಕ್ಷುಬ್ಧವಾದರೆ ಏನು ಮಾಡುತ್ತೀರಿ, ಹಣ ಮರಳಿಸುತ್ತೀರಾ? ಅಲೆಗಳು ಎದ್ದ ದಿನ, ಆರೋಗ್ಯ ಸರಿಯಿಲ್ಲದ ದಿನ 'ಇಂದು ಬೇಡ' ಎಂದು ತನ್ನ ಸಂಪಾದನೆಯನ್ನೇ ಬಿಟ್ಟುಕೊಡಬಲ್ಲ ಕೇಂದ್ರವೇ ಹೊಸಬರ ನಂಬಿಕೆಗೆ ಅರ್ಹ.