ಬಿಟ್ಟ ಕೋಲನ್ನು ಮತ್ತೆ ಹಿಡಿದವರು

ಕಚೇರಿಯಲ್ಲಿ ದುಡಿಯುವ ಗೃಹಸ್ಥನಿಗೆ ವಿಶ್ರಾಂತಿಯ ಕಾಲವು ತಲೆ ನರೆತ ಮೇಲೆ ಬರುತ್ತದೆ. ಆಟವನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡವನಿಗಾದರೋ, ಮೂವತ್ತೈದನೆಯ ವಯಸ್ಸಿನಲ್ಲಿಯೇ ಲೋಕವು “ಇನ್ನು ಸಾಕು” ಎಂದುಬಿಡುತ್ತದೆ. ಉಳಿದವರು ಸಂಸಾರವನ್ನು ಕಟ್ಟಿ, ಕೆಲಸದಲ್ಲಿ ಪಳಗಿ, ಮೇಲೇರುವ ಪ್ರಾಯದಲ್ಲಿ ಇವನು ಮನೆಗೆ ಹಿಂದಿರುಗಬೇಕು. ಹಾಗೆ ಹಿಂದಿರುಗಿದವನು ಕೆಲವು ವರ್ಷಗಳ ತರುವಾಯ ಮನಸ್ಸು ಮಾಡಿ ಮತ್ತೆ ಕಣಕ್ಕಿಳಿದರೆ ಗೆಲ್ಲಬಲ್ಲನೇ? ಈ ಪ್ರಶ್ನೆಗೆ ಉತ್ತರವನ್ನು ಕೆನಡಾ ಮತ್ತು ಅಮೆರಿಕಾ ದೇಶಗಳ ಹಾಕಿ ಆಟಗಾರರ ಚರಿತ್ರೆಯಲ್ಲಿ ಹುಡುಕಬಹುದಾಗಿದೆ.

ಹಾಕಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕೊಡಗಿನ ಹಸುರು ಬಯಲು. ಅಲ್ಲಿಯ ಹಾಕಿಯು ಬೇರೆ. ಇನ್ನೂರು ಅಡಿ ಉದ್ದ, ಎಂಬತ್ತೈದು ಅಡಿ ಅಗಲದ ಮಂಜುಗಡ್ಡೆಯ ಹಾಸಿನ ಮೇಲೆ, ಉಕ್ಕಿನ ಅಲಗುಳ್ಳ ಸ್ಕೇಟುಗಳನ್ನು ಕಾಲಿಗೆ ಕಟ್ಟಿಕೊಂಡು, ಒಂದೊಂದು ಪಕ್ಷದಲ್ಲಿ ಆರಾರು ಮಂದಿ ಆಡುವರು. ಚೆಂಡಿನ ಬದಲಾಗಿ ಪಕ್ ಎಂಬ ರಬ್ಬರಿನ ಬಿಲ್ಲೆ. ಅದರ ಅಡ್ಡಳತೆ ಮೂರು ಅಂಗುಲ, ದಪ್ಪ ಒಂದು ಅಂಗುಲ. ಓಟದ ವೇಗವು ಎಷ್ಟೆಂದರೆ, ಗೋಲು ಕಾಯುವವನನ್ನುಳಿದು ಯಾವ ಆಟಗಾರನೂ ಒಂದು ಸಲಕ್ಕೆ ಮುಕ್ಕಾಲು ನಿಮಿಷಕ್ಕಿಂತ ಹೆಚ್ಚು ಹೊತ್ತು ಪೂರ್ಣಶಕ್ತಿಯಿಂದ ಆಡಲಾರನು. ಒಬ್ಬನು ಬಂದು ಕುಳಿತರೆ ಇನ್ನೊಬ್ಬನು ಇಳಿಯುವನು. ಮೈಗೆ ಮೈ ತಾಗಿಸಿ ಎದುರಾಳಿಯನ್ನು ಗೋಡೆಗೆ ಒತ್ತುವುದೂ ಈ ಆಟದ ಧರ್ಮವೇ. ಇಂತಹ ಪಂದ್ಯಗಳು ಒಂದು ಋತುವಿನಲ್ಲಿ ಎಂಬತ್ತಕ್ಕೂ ಮೇಲ್ಪಟ್ಟು ನಡೆಯುತ್ತವೆ. ಆದುದರಿಂದ ವರ್ಷಗಟ್ಟಲೆ ಬಿಟ್ಟಿದ್ದವನು ಮರಳಿ ಬರುವುದೆಂದರೆ ಸಾಮಾನ್ಯವಾದ ಮಾತಲ್ಲ.

ಆದಾಗ್ಯೂ ಬಂದವರುಂಟು. ಅವರಲ್ಲಿ ಅಗ್ರಗಣ್ಯನು ಗಾರ್ಡಿ ಹೋವ್. ೧೯೨೮ ರಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತದಲ್ಲಿ ಹುಟ್ಟಿದ ಈತನು ೧೯೪೬ ರಿಂದ ೧೯೭೧ ರವರೆಗೆ ಇಪ್ಪತ್ತೈದು ಋತುಗಳ ಕಾಲ ಡೆಟ್ರಾಯಿಟ್ ನಗರದ ತಂಡದಲ್ಲಿ ಆಡಿ ೭೮೬ ಗೋಲುಗಳನ್ನು ಗಳಿಸಿದನು. ಮಣಿಕಟ್ಟಿನ ಸಂಧಿನೋವು ಹೆಚ್ಚಿದುದರಿಂದ ಆಟವನ್ನು ಬಿಟ್ಟನು. ತಂಡದವರು ಕಚೇರಿಯಲ್ಲಿ ದೊಡ್ಡ ಪದವಿಯನ್ನೇನೋ ಕೊಟ್ಟರು. ಕೆಲಸವನ್ನು ಮಾತ್ರ ಕೊಡಲಿಲ್ಲ. ದುಡಿದ ಕೈಗೆ ಮೇಜಿನ ಮುಂದಿನ ಸೋಮಾರಿತನವು ಶಿಕ್ಷೆಯೇ ಸರಿ. ೧೯೭೩ ರಲ್ಲಿ ಹೊಸದೊಂದು ಸಂಘಕ್ಕೆ ಸೇರಿದ ಹೂಸ್ಟನ್ ತಂಡವು ಹೋವನ ಮಕ್ಕಳಾದ ಮಾರ್ಕ್ ಮತ್ತು ಮಾರ್ಟಿಯರನ್ನು ಸೇರಿಸಿಕೊಂಡಿತು. ಮಣಿಕಟ್ಟಿಗೆ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡು, ನಲವತ್ತೈದನೆಯ ವಯಸ್ಸಿನಲ್ಲಿ, ತಂದೆಯೂ ಮಕ್ಕಳೊಡನೆ ಕಣಕ್ಕಿಳಿದನು! ಆ ಋತುವಿನಲ್ಲಿಯೇ ನೂರು ಅಂಕಗಳನ್ನು ಗಳಿಸಿ, ಆ ಸಂಘದ ಅತ್ಯುತ್ತಮ ಆಟಗಾರನೆಂಬ ಬಿರುದನ್ನು ಪಡೆದನು. ತಂಡವೂ ಪ್ರಶಸ್ತಿಯನ್ನು ಗೆದ್ದಿತು. ೧೯೭೯–೮೦ ರಲ್ಲಿ ಹಳೆಯ ಲೀಗಿಗೇ ಮರಳಿ, ಹಾರ್ಟ್‌ಫರ್ಡ್ ತಂಡದ ಪರವಾಗಿ ಎಂಬತ್ತು ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸದೆ ಆಡಿ, ಹದಿನೈದು ಗೋಲುಗಳನ್ನು ಹೊಡೆದು ನಿವೃತ್ತನಾದಾಗ ಅವನಿಗೆ ಐವತ್ತೆರಡು ವರ್ಷ. ೨೦೧೬ ರಲ್ಲಿ ಆತನು ತೀರಿಕೊಂಡನು.

ಎರಡನೆಯವನು ಗೀ ಲಾಫ್ಲೂರ್. ಮಾಂಟ್ರಿಯಲ್ ನಗರದ ಕಣ್ಮಣಿಯಾಗಿದ್ದು ಐದು ಸಲ ಸ್ಟ್ಯಾನ್ಲಿ ಬಟ್ಟಲನ್ನು ಗೆದ್ದ ತಂಡದಲ್ಲಿ ಆಡಿದವನು. ಆಟದ ಅವಕಾಶವು ಕಡಮೆಯಾಗುತ್ತ ಬಂದು, ಬೇಸರದಿಂದ ೧೯೮೪ ರಲ್ಲಿ ಹೊರಬಿದ್ದನು. ನಾಲ್ಕು ವರ್ಷಗಳಾದ ಮೇಲೆ, ೧೯೮೮ ರಲ್ಲಿ, ಹಾಕಿಯ ಕೀರ್ತಿಭವನದಲ್ಲಿ ಅವನ ಹೆಸರು ಸೇರಿತು. ಅಂತಹ ಮರ್ಯಾದೆಯನ್ನು ಪಡೆದವನು ಅದರೊಡನೆ ತೃಪ್ತನಾಗಬೇಕಷ್ಟೆ? ಲಾಫ್ಲೂರನು ಅದೇ ವರ್ಷ ನ್ಯೂಯಾರ್ಕಿನ ತಂಡದಲ್ಲಿ ಸ್ಥಾನವನ್ನು ಕೇಳಿ ಸಂಪಾದಿಸಿದನು. ೧೯೮೯ ರ ಫೆಬ್ರವರಿಯಲ್ಲಿ ಮಾಂಟ್ರಿಯಲ್ಲಿಗೆ ಎದುರಾಳಿಯಾಗಿ ಬಂದು, ತನ್ನ ಹಳೆಯ ತಂಡದ ಮೇಲೆಯೇ ಎರಡು ಗೋಲುಗಳನ್ನು ಹೊಡೆದಾಗ ಆ ಊರಿನ ಜನರು ಎದ್ದು ನಿಂತು ಜಯಘೋಷ ಮಾಡಿದರು. ಮೊದಲಿನಂತೆ ಋತುವಿಗೆ ಐವತ್ತು ಗೋಲು ಅವನಿಂದಾಗಲಿಲ್ಲ, ಹದಿನೆಂಟಾದುವು. ಆದರೆ ಬಿಡುವಾಗ ಇದ್ದ ಕಹಿಯು ೧೯೯೧ ರಲ್ಲಿ ಎರಡನೆಯ ಸಲ ಬಿಡುವಾಗ ಉಳಿಯಲಿಲ್ಲ.

ಮೂರನೆಯ ಕಥೆಯು ಎಲ್ಲಕ್ಕಿಂತಲೂ ಅಪೂರ್ವವಾದುದು. ಪಿಟ್ಸ್‌ಬರ್ಗ್ ತಂಡದ ಮಾರಿಯೊ ಲೆಮ್ಯೂ ೧೯೯೩ ರಲ್ಲಿ ದುರ್ಮಾಂಸರೋಗಕ್ಕೆ ಗುರಿಯಾದನು. ಕಿರಣಚಿಕಿತ್ಸೆಯ ಕಡೆಯ ದಿನದ ಸಂಜೆಯೇ ಪಂದ್ಯಕ್ಕಿಳಿದು ಗೋಲು ಹೊಡೆದ ಧೀರನವನು. ಬೆನ್ನುನೋವು ಬೇರೆ ಬಹುಕಾಲದಿಂದ ಕಾಡುತ್ತಿತ್ತು. ೧೯೯೭ ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಆಟವನ್ನು ಬಿಟ್ಟನು. ಮರುವರ್ಷ ತಂಡವು ದಿವಾಳಿಯಾಯಿತು. ಅವನಿಗೆ ಬರಬೇಕಾದ ಸಂಬಳದ ಬಾಕಿಯೇ ಮೂರು ಕೋಟಿ ಡಾಲರುಗಳನ್ನು ಮೀರಿತ್ತು. ಬಾಕಿಯ ಬಹುಭಾಗವನ್ನು ಪಾಲುಬಂಡವಾಳವನ್ನಾಗಿ ಮಾಡಿಕೊಂಡು ೧೯೯೯ ರಲ್ಲಿ ತಂಡಕ್ಕೆ ತಾನೇ ಒಡೆಯನಾದನು. ೨೦೦೦ ದ ಡಿಸೆಂಬರ್ ೨೭ ರಂದು ಒಡೆಯನೇ ಆಟಗಾರನಾಗಿ ಇಳಿದನು. ತನ್ನ ಆಟವನ್ನು ಕಾಣದ ನಾಲ್ಕು ವರ್ಷದ ಮಗನು ಒಮ್ಮೆ ಕಾಣಲಿ ಎಂಬುದು ಅವನು ಹೇಳಿದ ಕಾರಣಗಳಲ್ಲೊಂದು. ಆಟವು ಆರಂಭವಾಗಿ ಮೂವತ್ತಮೂರನೆಯ ಸೆಕೆಂಡಿಗೆ ಅವನ ನೆರವಿನಿಂದ ಗೋಲಾಯಿತು. ಅಂದು ಟೊರಾಂಟೊ ತಂಡವು ಐದು ಗೋಲುಗಳಿಂದ ಸೋತಿತು. ಆ ಋತುವಿನ ಉಳಿದ ಭಾಗದಲ್ಲಿ ೪೩ ಪಂದ್ಯಗಳಿಗೆ ೩೫ ಗೋಲುಗಳನ್ನು ಗಳಿಸಿದನು. ೨೦೦೨ ರಲ್ಲಿ ಒಲಿಂಪಿಕ್ ಚಿನ್ನವನ್ನು ಗೆದ್ದ ಕೆನಡಾ ತಂಡಕ್ಕೆ ಅವನೇ ನಾಯಕ. ಆದರೆ ದೇಹವು ತನ್ನ ಲೆಕ್ಕವನ್ನು ಬಿಡಲಿಲ್ಲ. ಸೊಂಟದ ನೋವಿನಿಂದ ಅನೇಕ ಪಂದ್ಯಗಳು ತಪ್ಪಿದುವು. ಕಡೆಗೆ ಹೃದಯದ ಬಡಿತವು ಕ್ರಮ ತಪ್ಪಿದುದರಿಂದ ೨೦೦೬ ರ ಜನವರಿಯಲ್ಲಿ ಶಾಶ್ವತವಾಗಿ ನಿಂತನು.

ಗೆದ್ದವರ ಕಥೆಯನ್ನಷ್ಟೇ ಹೇಳುವುದು ನ್ಯಾಯವಲ್ಲ. ನಾಲ್ಕು ಸಲ ಸ್ಟ್ಯಾನ್ಲಿ ಬಟ್ಟಲನ್ನು ಗೆದ್ದ ಕ್ಲಾಡ್ ಲೆಮ್ಯೂ—ಹೆಸರೊಂದಾದರೂ ಈತನು ಬೇರೆ—ಐದು ವರ್ಷಗಳ ಮೇಲೆ, ನಲವತ್ತಮೂರನೆಯ ವಯಸ್ಸಿನಲ್ಲಿ, ಸ್ಯಾನ್ ಹೋಸೆ ತಂಡಕ್ಕೆ ಬಂದನು. ಮೊದಲು ಕೆಳದರ್ಜೆಯ ತಂಡಗಳಲ್ಲಿ ಬೆವರು ಸುರಿಸಿ ಸ್ಥಾನವನ್ನು ಪಡೆದರೂ, ೨೦೦೯ ರಲ್ಲಿ ಆಡಿದ ಹದಿನೆಂಟು ಪಂದ್ಯಗಳಲ್ಲಿ ಒಂದು ಗೋಲೂ ಆಗಲಿಲ್ಲ. ಅದೇ ವರ್ಷ ಥಿಯೊ ಫ್ಲೂರಿ ಎಂಬ ನಲವತ್ತೊಂದು ವರ್ಷದ ಆಟಗಾರನು, ಕುಡಿತ ಮೊದಲಾದ ದುಶ್ಚಟಗಳಿಂದ ಬಿಡಿಸಿಕೊಂಡು, ಕ್ಯಾಲ್ಗರಿ ತಂಡದ ಪರೀಕ್ಷಾಪಂದ್ಯಗಳಿಗೆ ಬಂದನು. ಚೆನ್ನಾಗಿಯೇ ಆಡಿದನು, ಆದರೆ ತಂಡವು ಅವನನ್ನು ಉಳಿಸಿಕೊಳ್ಳಲಿಲ್ಲ. ಅವನು ತಕರಾರಿಲ್ಲದೆ ನಿವೃತ್ತಿಯನ್ನು ಸಾರಿದನು. ಕೆಟ್ಟ ಹೆಸರಿನೊಡನೆ ಹೊರಬಿದ್ದಿದ್ದವನು ಒಳ್ಳೆಯ ಹೆಸರಿನೊಡನೆ ಹೊರಬಂದನೆಂಬುದೂ ಒಂದು ಲಾಭವಲ್ಲವೇ?

ಇವರೆಲ್ಲರನ್ನು ಹೋಲಿಸಿ ನೋಡಿದರೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಕಾಲಿನ ವೇಗವು ವಯಸ್ಸಿನೊಡನೆ ಹೋಗುತ್ತದೆ. ಅದನ್ನೇ ನಂಬಿದ್ದವನಿಗೆ ಪುನರಾಗಮನವು ಕಷ್ಟ. ಪಕ್ ಎಲ್ಲಿಗೆ ಬಂದೀತೆಂದು ಮೊದಲೇ ತಿಳಿಯುವ ಬುದ್ಧಿಯೂ ಕೈಯ ಹದವೂ ಬೇಗನೆ ಹೋಗುವುದಿಲ್ಲ. ಹೋವ್ ಮತ್ತು ಮಾರಿಯೊ ಇಬ್ಬರೂ ಇವುಗಳಲ್ಲಿ ಅಸಮಾನರು. ವಿಶ್ರಾಂತಿಯಿಂದ ಹಳೆಯ ಗಾಯವು ಮಾಗಬಹುದು. ಆದರೆ ಬಿಡುವು ಐದಾರು ವರ್ಷಗಳಿಗೆ ಬೆಳೆದರೆ ಮಾಗಿದುದಕ್ಕಿಂತ ತುಕ್ಕು ಹಿಡಿದುದೇ ಹೆಚ್ಚಾಗುತ್ತದೆ. ಹೋವನು ಎರಡು ವರ್ಷ, ಮಾರಿಯೊ ಮೂರೂವರೆ, ಲಾಫ್ಲೂರನು ನಾಲ್ಕು ವರ್ಷ ದೂರವಿದ್ದರು. ಸೋತವರು ಐದಾರು ವರ್ಷ. ಇದನ್ನು ಶಾಸ್ತ್ರವೆನ್ನುವಂತಿಲ್ಲ, ಆದರೂ ಗಮನಾರ್ಹವಾದುದು.

ಇನ್ನೊಂದು ಮಾತು. ಆಟಗಾರನು ಮರಳಿ ಬರಲೆಳಸುವುದು ಕೇವಲ ಹಣದಾಸೆಯಿಂದಲೆಂದು ಕೆಲವರು ಹೇಳುವುದುಂಟು. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬುದು ನಿಜವೇ. ಆದರೆ ಹೋವನನ್ನು ಕರೆದುದು ಮಕ್ಕಳ ಸಂಗ, ಲಾಫ್ಲೂರನನ್ನು ಕರೆದುದು ಅರ್ಧಕ್ಕೇ ನಿಂತ ಕಥೆ, ಮಾರಿಯೊನನ್ನು ಕರೆದವುಗಳಲ್ಲಿ ಮಗನ ಕಣ್ಣುಗಳೂ ಸೇರಿದ್ದುವು. ನಮ್ಮ ಮನೆಗಳಲ್ಲಿಯೂ ವಿಶ್ರಾಂತಿವೇತನವನ್ನು ಪಡೆಯುತ್ತ, ಜಗಲಿಯ ಮೇಲೆ ಕುಳಿತು ಬೀದಿಯನ್ನು ನೋಡುವ ಹಿರಿಯರಿದ್ದಾರೆ. ಅವರಿಗೆ ಬೇಕಾದುದು ಹಳೆಯ ಅಧಿಕಾರವಲ್ಲ, ಕೈಗೆ ತಕ್ಕ ಕೆಲಸ. ಮೊಮ್ಮಗನಿಗೆ ಲೆಕ್ಕ ಹೇಳಿಕೊಡುವ ಮುಪ್ಪಿನ ಉಪಾಧ್ಯಾಯರ ದನಿಯು ಒಮ್ಮೆಗೇ ಗಟ್ಟಿಯಾಗುವುದನ್ನು ಯಾರು ತಾನೇ ಕೇಳಿಲ್ಲ? ಮರಳಿ ಬರುವವನು ಮೊದಲಿನ ತಾನಾಗಿ ಬರಲಾರನು. ಇರುವ ಶಕ್ತಿಯನ್ನು ಅಳೆದುಕೊಂಡು, ಅದಕ್ಕೆ ಒಪ್ಪುವ ಪಾತ್ರವನ್ನು ವಹಿಸಿದರೆ ಅವನಿಗೂ ಹಿತ, ಸುತ್ತಣವರಿಗೂ ಹಿತ.