ಡೆಕ್ಕಿನ ಮೇಲೆ ಎರಡು ಟನ್ ಭಾರ

ಅಮೆರಿಕದಲ್ಲಿ ಮನೆ ಮಾಡಿಕೊಂಡ ಕನ್ನಡಿಗರಿಗೆ ಹಿತ್ತಲ ಡೆಕ್ಕೇ ಎರಡನೆಯ ಅಡುಗೆಮನೆ. ಒಗ್ಗರಣೆಯ ಘಾಟಿಗೆ ಹೊಗೆ ಅಲಾರಂ ಕೂಗಿಕೊಳ್ಳಬಾರದೆಂದು ಬೋಂಡ, ಹಪ್ಪಳ ಕರಿಯುವುದು ಅಲ್ಲೇ. ಮೊದಲು ಗ್ಯಾಸ್ ಒಲೆ ಬರುತ್ತದೆ, ಆಮೇಲೆ ಗ್ರಿಲ್, ಬಳಿಕ ಊರಿಂದ ತರಿಸಿದ ಕಲ್ಲಿನ ತುಳಸಿಕಟ್ಟೆ, ಕೊನೆಗೆ ಯಾವುದೋ ರಿಯಾಯಿತಿ ಮಾರಾಟದಲ್ಲಿ ಸಿಕ್ಕ ಹಾಟ್ ಟಬ್. ಪ್ರತಿ ಸಲವೂ ಜಾಗ ಸಾಲುತ್ತದೆಯೇ ಎಂದು ಟೇಪ್ ಹಿಡಿದು ಅಳೆಯುತ್ತಾರೆ. ತೂಕದ ಮಾತು ಎತ್ತುವವರು ಕಡಿಮೆ. ಕಾಂಪೋಸಿಟ್ ಹಲಗೆ ಹಾಕಿಸಿದವರಂತೂ ‘ಇಪ್ಪತ್ತೈದು ವರ್ಷ ಗ್ಯಾರಂಟಿ ಇದೆಯಲ್ಲ’ ಎಂದು ನಿಶ್ಚಿಂತರು.

ಆ ಗ್ಯಾರಂಟಿ ಹಲಗೆಗೆ ಮಾತ್ರ, ಅದನ್ನು ಹೊತ್ತ ಚೌಕಟ್ಟಿಗಲ್ಲ.

ಕಾಂಪೋಸಿಟ್ ಎಂದರೆ ಮರದ ಹುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಅಚ್ಚಿನಲ್ಲಿ ಒತ್ತಿ ತೆಗೆದ ಹಲಗೆ. ಸುಲಭಕ್ಕೆ ಕೊಳೆಯುವುದಿಲ್ಲ, ಗೆದ್ದಲು ಹತ್ತುವುದಿಲ್ಲ, ವರ್ಷವರ್ಷ ಬಣ್ಣ ಬಳಿಯಬೇಕಿಲ್ಲ. ಆದರೆ ಬಿಗಿತದಲ್ಲಿ ಅಸಲಿ ಮರಕ್ಕೆ ಸಮನಲ್ಲ. ಅದಕ್ಕೇ ಕೆಳಗಿನ ಜಾಯ್ಸ್ಟ್‌ಗಳ, ಅಂದರೆ ಜಂತೆಗಳ, ನಡುವೆ 16 ಅಂಗುಲಕ್ಕಿಂತ ಹೆಚ್ಚು ಅಂತರ ಇರಬಾರದು, ಹಲಗೆಯನ್ನು ಓರೆಯಾಗಿ ಹಾಸಿದರೆ 12 ಅಂಗುಲ ಸಾಕು ಎಂದು ತಯಾರಕರು ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ಹಳೆಯ ಮನೆಗಳ ಅಟ್ಟ ನೋಡಿದವರಿಗೆ ಈ ರಚನೆ ಹೊಸದೇನಲ್ಲ. ಹಲಗೆಯ ಭಾರ ಜಂತೆಗೆ, ಜಂತೆಯದು ತೊಲೆಗೆ, ತೊಲೆಯದು ಕಂಬಕ್ಕೆ, ಕಂಬದ್ದು ನೆಲಕ್ಕೆ. ಈ ಸಾಲಿನಲ್ಲಿ ಎಲ್ಲಿ ಬಲ ಕಡಿಮೆಯೋ ಡೆಕ್ಕಿನ ಬಲವೂ ಅಷ್ಟೇ. ಮೇಲೆ ಹೊಸ ಹಲಗೆ ಹೊಳೆಯುತ್ತಿರುವಾಗ ಅಡಿಯಲ್ಲಿ ಹಳೆಯ ಮರ ಸದ್ದಿಲ್ಲದೆ ಮುಪ್ಪಾಗುತ್ತಿರುತ್ತದೆ. ಕಾಂಪೋಸಿಟ್ ಡೆಕ್ಕಿನ ದೊಡ್ಡ ಅಪಾಯ ಇದೇ ಎನ್ನುವುದು ನನ್ನ ಎಣಿಕೆ.

ಈಗ ಲೆಕ್ಕ. ಅಮೆರಿಕದ ವಸತಿ ಕಟ್ಟಡ ಸಂಹಿತೆಯ ಪ್ರಕಾರ ಡೆಕ್ಕು ಚದರ ಅಡಿಗೆ 40 ಪೌಂಡ್, ಅಂದರೆ ಸುಮಾರು 18 ಕೆಜಿ ಬಳಕೆಯ ಭಾರ ತಾಳಬೇಕು. ಜನ, ಕುರ್ಚಿ, ಮೇಜಿಗೆ ಇದು ಧಾರಾಳ. ಏಳಡಿ ಚೌಕದ ಹಾಟ್ ಟಬ್ ತೆಗೆದುಕೊಳ್ಳಿ. ಖಾಲಿ ಇದ್ದಾಗ 350 ಕೆಜಿ, 1500 ಲೀಟರ್ ನೀರಿಗೆ 1500 ಕೆಜಿ, ಒಳಗೆ ಕೂತ ಆರು ಮಂದಿ 450 ಕೆಜಿ. ಒಟ್ಟು 2300 ಕೆಜಿ. ಅದು ಕೂರುವ 49 ಚದರ ಅಡಿಗೆ ಸಂಹಿತೆ ಲೆಕ್ಕ ಹಿಡಿದದ್ದು 900 ಕೆಜಿಯ ಒಳಗೆ. ಎರಡೂವರೆ ಪಟ್ಟು ಮೀರಿತು. ಅಮೆರಿಕನ್ ವುಡ್ ಕೌನ್ಸಿಲ್ ಪ್ರಕಟಿಸಿದ ಡೆಕ್ ಕೈಪಿಡಿಯೂ ಹಾಟ್ ಟಬ್ಬಿನಂಥ ಭಾರ ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದೇ ಹೇಳುತ್ತದೆ. ಅಂಥದ್ದಕ್ಕೆ ಎಂಜಿನಿಯರ್ ಬೇಕು.

ಜಂತೆ ಬಲಪಡಿಸಿದರೆ ಮುಗಿಯಿತೆಂದು ಅನೇಕರು ಅಲ್ಲಿಗೇ ನಿಲ್ಲುತ್ತಾರೆ. ಕೆಳಗಿನ ನೆಲವನ್ನೂ ಕೇಳಬೇಕು. ಸಾಮಾನ್ಯ ಜೇಡಿಮಣ್ಣು ಚದರ ಅಡಿಗೆ 1500 ಪೌಂಡ್ ಹೊರುತ್ತದೆಂದು ಸಂಹಿತೆ ಅಂದಾಜಿಟ್ಟುಕೊಳ್ಳುತ್ತದೆ. ಕಂಬದಡಿ ಹಾಕುವ 12 ಅಂಗುಲ ವ್ಯಾಸದ ಒಂದು ಕಾಂಕ್ರೀಟ್ ಫುಟಿಂಗಿಗೆ ಆ ಲೆಕ್ಕದಲ್ಲಿ ಸಿಗುವುದು ಸುಮಾರು 530 ಕೆಜಿ. ನಾಲ್ಕು ಕಂಬ ಸಮನಾಗಿ ಹಂಚಿಕೊಂಡರೂ ಟಬ್ಬಿನಿಂದ ಒಂದೊಂದಕ್ಕೆ 575 ಕೆಜಿ ಬೀಳುತ್ತದೆ. ಡೆಕ್ಕಿನ ಸ್ವಂತ ತೂಕ, ಚಳಿಗಾಲದ ಹಿಮ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಹಿಮ ಬೀಳುವ ರಾಜ್ಯಗಳಲ್ಲಿ ಫುಟಿಂಗು ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗಿಳಿಯಬೇಕು. ಇಲ್ಲದಿದ್ದರೆ ಮಣ್ಣು ಉಬ್ಬಿ ಕಂಬವನ್ನೇ ಎತ್ತುತ್ತದೆ.

ಇಷ್ಟೆಲ್ಲ ಪಡಿಪಾಟಲು ಬೇಡವೆಂದರೆ ಟಬ್ಬನ್ನು ನೆಲದ ಮೇಲೆ ಅದರದೇ ಕಾಂಕ್ರೀಟ್ ಹಾಸಿನ ಮೇಲಿಟ್ಟು ಡೆಕ್ಕನ್ನು ಸುತ್ತ ಕಟ್ಟಿಸಿ. ನನ್ನ ಮತ ಇದಕ್ಕೇ. ಪಂಪು ಕೆಟ್ಟಾಗ ರಿಪೇರಿಯವನು ಒಳಗೆ ಕೈಹಾಕಲು ಒಂದು ಬದಿಯ ಹಲಗೆ ಬಿಚ್ಚುವಂತಿರಲಿ.

ಗ್ರಿಲ್ಲು, ತುಳಸಿಕಟ್ಟೆಗಳ ಕತೆ ಬೇರೆ. ಒಟ್ಟು ತೂಕ ಕಡಿಮೆ, ಆದರೆ ಅದೆಲ್ಲ ಸಣ್ಣ ಸಣ್ಣ ಕಾಲುಗಳ ಮೇಲೆ ನಿಂತಿರುತ್ತದೆ. ಬಿಸಿಲಿಗೆ ಕಾದ ಹಲಗೆಯೊಳಗಿನ ಪ್ಲಾಸ್ಟಿಕ್ ಮೆತ್ತಗಾಗಿ, ತಿಂಗಳುಗಟ್ಟಲೆ ಒಂದೇ ಕಡೆ ನಿಂತ ಗಾಲಿ ಅಲ್ಲೇ ತಗ್ಗು ಮಾಡುತ್ತದೆ. ಭಾರ ತೆಗೆದರೂ ಆ ತಗ್ಗು ಪೂರ್ತಿ ಹೋಗುವುದಿಲ್ಲ. ಹಲಗೆಯ ಮೇಲಿನ ಸ್ಕ್ರೂಗಳ ಸಾಲು ಅಥವಾ ಅಡಿಯಿಂದ ನೋಡಿ ಜಂತೆ ಎಲ್ಲಿದೆಯೆಂದು ಗುರುತಿಸಿ ಕಾಲನ್ನು ಅದರ ನೇರಕ್ಕೆ ತನ್ನಿ. ಎರಡು ಮೂರು ಜಂತೆಗಳ ಮೇಲೆ ಹಾಯುವಂತೆ ಗಟ್ಟಿ ಹಾಸು ಕೊಟ್ಟರೆ ಭಾರ ಹರಡುತ್ತದೆ. ತೊಲೆಯ ಹತ್ತಿರದ ಜಾಗ ಒಳ್ಳೆಯದು, ತೊಲೆ ದಾಟಿ ಹೊರಚಾಚಿದ ತುದಿ ಬೇಡ. ಹಾಸಾಗಿ ರಬ್ಬರ್ ಮ್ಯಾಟ್ ಮಾತ್ರ ಬೇಡ, ಕಾಂಪೋಸಿಟ್ ಹಲಗೆಯ ಬಣ್ಣ ಕೆಡಿಸುತ್ತದೆ. ಕೆಂಡದ ಒಲೆಗೆ ಬೆಂಕಿ ತಾಳುವ ಹಾಸು ಬೇಕೇ ಬೇಕು.

ಜಂತೆಯನ್ನೇ ಬಲಪಡಿಸುವುದಾದರೆ ಪಕ್ಕಕ್ಕೆ ಇನ್ನೊಂದು ಜಂತೆ ಜೋಡಿಸಬಹುದು. ಅದಕ್ಕಿಂತ ಮಿಗಿಲು ನಡುವೆ ಹೊಸ ತೊಲೆ, ಕಂಬ, ಫುಟಿಂಗು ಕೊಡುವುದು. ಆಧಾರದಿಂದ ಆಧಾರಕ್ಕೆ ಇರುವ ದೂರ ಅರ್ಧವಾದರೆ ಒಂದೇ ಸಮ ಹರಡಿದ ಭಾರಕ್ಕೆ ಜಂತೆ ಬಾಗುವುದು ಸುಮಾರು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ.

ಮನೆಯ ಗೋಡೆಗೆ ಅಂಟಿಕೊಂಡ ಲೆಡ್ಜರ್ ಹಲಗೆಯನ್ನು ಮರೆಯಬೇಡಿ. ಡೆಕ್ಕು ಕುಸಿದ ಕಡೆಗಳಲ್ಲಿ ಬಹಳ ಸಲ ಕೈಕೊಟ್ಟದ್ದು ಈ ಸಂದು. ಬರೀ ಮೊಳೆ ಹೊಡೆದಿದ್ದರೆ ಭಾರದ ಯೋಚನೆ ಬಿಟ್ಟು ಮೊದಲು ಅದನ್ನು ಸರಿಮಾಡಿಸಿ. ಅಲ್ಲಿ ಬೋಲ್ಟ್ ಇರಬೇಕು, ನೀರು ಒಳಗಿಳಿಯದಂತೆ ಮೇಲೆ ಲೋಹದ ತಗಡು ಇರಬೇಕು. ಸ್ಕ್ರೂಡ್ರೈವರ್ ತುದಿಯಿಂದ ಮರವನ್ನು ಚುಚ್ಚಿ ನೋಡಿ, ಮೆತ್ತಗೆ ಇಳಿದರೆ ಕೊಳೆತಿದೆ. 2015ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಅಪಾರ್ಟ್‌ಮೆಂಟಿನ ಬಾಲ್ಕನಿ ಮುರಿದು ಆರು ಮಂದಿ ಸತ್ತರು. ನೀರು ಹೊಕ್ಕು ಅದರ ಜಂತೆಗಳು ಕೊಳೆತಿದ್ದವು. 2018ರಲ್ಲಿ ಆ ರಾಜ್ಯ ಅಪಾರ್ಟ್‌ಮೆಂಟುಗಳ ಇಂಥ ಮರದ ಬಾಲ್ಕನಿಗಳಿಗೆ ಕಾಲಕಾಲಕ್ಕೆ ತಪಾಸಣೆ ಕಡ್ಡಾಯ ಮಾಡಿತು.

ಎಲ್ಲ ಆಗಿ ಎಂಜಿನಿಯರ್ ಒಪ್ಪಿದ ಮೇಲೆಯೂ ಟಬ್ಬಿಗೆ ನೀರು ಬಿಡುವ ಮುನ್ನ ಡೆಕ್ಕಿನಡಿ ತೊಲೆಯ ಎರಡು ತುದಿಗೆ ದಾರ ಬಿಗಿದು, ನಡುವೆ ದಾರಕ್ಕೂ ಮರಕ್ಕೂ ಇರುವ ಅಂತರ ಬರೆದಿಡಿ. ಅರ್ಧ ತುಂಬಿದಾಗ ಒಮ್ಮೆ, ಪೂರ್ತಿ ತುಂಬಿದಾಗ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಅಳೆಯಿರಿ. ಮೊದಲು ಚೂರು ಬಾಗಿ ನಿಂತರೆ ಸರಿ. ಮರುದಿನವೂ ಇಳಿಯುತ್ತಲೇ ಇದ್ದರೆ ಮೇಲೆ ಯಾರನ್ನೂ ಹತ್ತಲು ಬಿಡದೆ ನೀರು ಹೊರಬಿಟ್ಟು ಎಂಜಿನಿಯರಿಗೆ ಫೋನ್ ಮಾಡಿ.